ಮೇಜು ಹದಿನಾಲ್ಕು

ಹಾಡು ಬರೆಯುವವರ ಸಂಘದ ಎರಡನೇ ಮಹಡಿಯಲ್ಲಿ, ಲಿಫ್ಟಿನಿಂದ ಇಳಿದರೆ ಎದುರಿಗೇ ಸಿಗುವ ಕೋಣೆಯಲ್ಲಿ ಕೂತು, ಇಪ್ಪತ್ತಾರು ವರ್ಷಗಳಿಂದ ಒಬ್ಬ ಹೆಂಗಸು ಜನರಿಗೆ ನಂಬರು ಕೊಡುತ್ತಿದ್ದಳು. ಒಬ್ಬೊಬ್ಬರಿಗೆ ಒಂದೊಂದು, ಹನ್ನೊಂದು ಅಂಕಿಯದು. ಹಾಡು ಎಲ್ಲೇ ಮೊಳಗಲಿ, ರೇಡಿಯೋದಲ್ಲಿ, ಹೋಟೆಲಿನ ಲಿಫ್ಟಿನಲ್ಲಿ, ಸಮುದ್ರದಾಚೆಯ ಯಾವುದೋ ಸಿನಿಮಾದಲ್ಲಿ, ಅದರ ರಾಯಲ್ಟಿ ಈ ನಂಬರಿನ ಜಾಡು ಹಿಡಿದುಕೊಂಡೇ ಬರೆದವರ ಮನೆ ಸೇರಬೇಕು. ಹಾಗಾಗಿ ಕವಿಗಳಿಂದ ಹಿಡಿದು ಕ್ಯಾಂಟೀನಿನವನವರೆಗೆ ಎಲ್ಲರೂ ಆಕೆಯನ್ನು ನಂಬರಕ್ಕ ಎಂದೇ ಕರೆಯುತ್ತಿದ್ದರು. ಆಕೆಗೂ ಒಂದು ಹೆಸರಿತ್ತು. ಆದರೆ ಹೆಸರುಗಳ ಬಗ್ಗೆ ಆಕೆಯ ಅಭಿಪ್ರಾಯ ಅಷ್ಟೇನೂ ಒಳ್ಳೆಯದಾಗಿರಲಿಲ್ಲ.

"ಹೆಸರನ್ನು ಮಾತ್ರ ನಂಬಬೇಡಿ" ಎನ್ನುತ್ತಿದ್ದಳು. ಆಕೆಯ ಪಟ್ಟಿಯಲ್ಲಿ ಒಂದೇ ಹೆಸರಿನವರು ಎಂಬತ್ಮೂರು ಜನರಿದ್ದರು. ಅವರಲ್ಲಿ ಇಬ್ಬರು ತಂದೆ-ಮಗ. ಹನ್ನೆರಡು ವರ್ಷ ಒಬ್ಬರ ರಾಯಲ್ಟಿಯನ್ನು ಇನ್ನೊಬ್ಬರು ಉಂಡು, ವಿಷಯ ಬಯಲಾದ ದಿನ ಇದೇ ಕೋಣೆಯಲ್ಲಿ ಅಪ್ಪ ಮಗನನ್ನು "ತಾವು" ಎಂದು ಕರೆಯುವ ಮಟ್ಟಕ್ಕೆ ಹೋಗಿತ್ತು. ಒಬ್ಬರೇ ಆರು ಹೆಸರಿನಲ್ಲಿ ಬರೆಯುವವರೂ ಇದ್ದರು. ಬೆಳಗ್ಗೆ ಒಂದು ಹೆಸರಿನಲ್ಲಿ ಭಕ್ತಿಗೀತೆ, ಸಂಜೆ ಇನ್ನೊಂದರಲ್ಲಿ ಬಾರಿನ ಹಾಡು ಬರೆಯುತ್ತಿದ್ದ ಸಭ್ಯ ಗೃಹಸ್ಥರೊಬ್ಬರು "ಎರಡೂ ಒಂದೇ ನಂಬರಿಗೆ ಬರುತ್ತಾ ಅಮ್ಮಾ?" ಎಂದು ಪಿಸುಗುಟ್ಟಿದಾಗ ನಂಬರಕ್ಕ ಅಷ್ಟೇ ಮೆಲ್ಲಗೆ, "ಬರುತ್ತೆ ಸಾರ್. ನಂಬರಿಗೆ ನಾಚಿಕೆ ಇಲ್ಲ" ಎಂದಿದ್ದಳು.

ಆಕೆಗಿದ್ದ ಜಂಬ ಒಂದೇ. ಇಪ್ಪತ್ತಾರು ವರ್ಷದಲ್ಲಿ ಆಕೆಯ ಮೇಜಿನಿಂದ ಯಾವ ಹಾಡೂ ಅನಾಥವಾಗಿ ಎದ್ದು ಹೋಗಿರಲಿಲ್ಲ. ಬರೆದವರು ಯಾರೆಂಬ ಪ್ರಶ್ನೆ ಬಂದ ದಿನದಿಂದ ಮೂರು ವರ್ಷದೊಳಗೆ ಅವರು ಪತ್ತೆಯಾಗದ ಹಾಡಿನ ಮುಂದೆ "ಯಾರದ್ದೂ ಅಲ್ಲ" ಎಂದು ಬರೆದು, ಅದರ ಪಾಲಿಗೆ ಬಂದದ್ದನ್ನೆಲ್ಲ ಉಳಿದವರಿಗೆ ಹಂಚಿಬಿಡಬೇಕು ಎಂಬುದು ಸಂಘದ ನಿಯಮ. ಆ ಎರಡು ಪದವನ್ನು ಆಕೆ ಈವರೆಗೆ ಒಮ್ಮೆಯೂ ಬರೆದವಳಲ್ಲ. ಈಗ ಬರೆಯುವ ಕಾಲ ಬಂದಂತಿತ್ತು.

ಹಾಡು ಎಲ್ಲರಿಗೂ ಗೊತ್ತಿದ್ದದ್ದೇ. ಮೂವತ್ತೈದು ವರ್ಷದ ಹಿಂದೆ ಹೋಟೆಲುಗಳಲ್ಲಿ ಹಾಡುತ್ತಿದ್ದ ಗಾಯಕನೊಬ್ಬ ಒಂದು ಸಣ್ಣ ರೆಕಾರ್ಡಿನಲ್ಲಿ ಹಾಡಿದ್ದು:

ಬಾ ಹತ್ತಿರ, ಇನ್ನೂ ಹತ್ತಿರ,
ಕೈಗೆ ಕೈಯ ತಾ...
ಹೋಗಾಚೆ.

"ತಾ" ಎಂದಾದ ಮೇಲೆ ಒಂದು ಖಾಲಿ ಜಾಗ. ತಾಳ ತಪ್ಪಿತೇನೋ ಎನ್ನುವಷ್ಟು ಹೊತ್ತು ಎಲ್ಲ ನಿಂತುಬಿಡುತ್ತದೆ. ಕೇಳುವವರೂ ಉಸಿರು ಹಿಡಿಯುತ್ತಾರೆ. ಆಮೇಲೆ ಆ "ಹೋಗಾಚೆ". ಮೂರು ವರ್ಷದ ಹಿಂದೆ ವಿದೇಶದ ಒಂದು ಕಾರ್ಟೂನ್ ಸಿನಿಮಾದಲ್ಲಿ ಎರಡು ಆನೆಗಳು ಇದಕ್ಕೆ ಕುಣಿದವು. ಅಂದಿನಿಂದ ಹತ್ತೊಂಬತ್ತು ದೇಶದ ಮಕ್ಕಳು ಆ ಖಾಲಿ ಜಾಗದಲ್ಲಿ ಉಸಿರು ಹಿಡಿದು ಕೂತಿದ್ದಾರೆ, ಹತ್ತೊಂಬತ್ತು ದೇಶದ ಸಂಘಗಳು ನಂಬರಕ್ಕನಿಗೆ ಒಂದೇ ಪ್ರಶ್ನೆ ಕಳಿಸುತ್ತಿವೆ: ಬರೆದವರ ನಂಬರು?

ಫೈಲಿನಲ್ಲಿ ಇದ್ದದ್ದು ಒಂದೇ ಸುಳಿವು. ಗಾಯಕ ತೀರಿಕೊಂಡಿದ್ದ. ಆದರೆ ಅವನು ಅಂದು ಕೊಟ್ಟ ಅರ್ಜಿಯಲ್ಲಿ "ಪದ ಮತ್ತು ರಾಗ" ಎಂಬ ಜಾಗದಲ್ಲಿ ಬೆರಳುದ್ದದ ಒಂದು ಗುಲಾಬಿ ಚೀಟಿ ಅಂಟಿಸಿದ್ದ. ಚೀಟಿಯ ಮೇಲೆ ಅಚ್ಚಿನಲ್ಲಿ "ಮೇಜು", ಪಕ್ಕದಲ್ಲಿ ಮೊಹರು "೧೪". ಒಂದು ಮೂಲೆಯಲ್ಲಿ ತುಕ್ಕು ಹಿಡಿದ ಗುಂಡುಪಿನ್ನಿನ ತೂತು. ಅಷ್ಟೇ. ರೆಕಾರ್ಡಿನವರು ಅದನ್ನೇ ಹೆಸರೆಂದುಕೊಂಡು ರೆಕಾರ್ಡಿನ ಮೇಲೆ ಅಚ್ಚು ಹಾಕಿದ್ದರು. ಸಂಘದ ಕಂಪ್ಯೂಟರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಮೇಜು" ಮನೆತನದ ಹೆಸರೆಂದೂ "ಹದಿನಾಲ್ಕು" ಇಟ್ಟ ಹೆಸರೆಂದೂ ತೀರ್ಮಾನಿಸಿ, ವರ್ಷಕ್ಕೊಮ್ಮೆ ಶ್ರೀ ಹದಿನಾಲ್ಕು ಅವರಿಗೆ ಶುಭಾಶಯ ಪತ್ರ ತಯಾರಿಸುತ್ತಿತ್ತು. ಕಳಿಸಲು ವಿಳಾಸ ಇರಲಿಲ್ಲ.

ಸಂಘದ ಕಾರ್ಯದರ್ಶಿಗಳು ಯಾವ ಕೆಲಸಕ್ಕೂ ಶುಕ್ರವಾರದ ಗಡುವು ಕೊಡುವವರಾದ್ದರಿಂದ ಹಿಂದಿನಿಂದ ಎಲ್ಲರೂ ಅವರನ್ನು "ಶುಕ್ರವಾರ" ಎನ್ನುತ್ತಿದ್ದರು. ಈ ಸಲ ಗಡುವು ಅವರದ್ದಲ್ಲ, ನಿಯಮದ್ದೇ. ಆದರೂ ಹೇಳುವ ಖುಷಿಯನ್ನು ಅವರು ಬಿಟ್ಟುಕೊಡಲಿಲ್ಲ.

"ಬರೋ ಶುಕ್ರವಾರ ಸಂಜೆ ಐದಕ್ಕೆ ಮೂರು ವರ್ಷ ಮುಗಿಯುತ್ತೆ ನಂಬರಕ್ಕ. ಆ ಹಾಡಿನ ಮುಂದೆ ಅದೇನು ಬರೀಬೇಕೋ ಬರೆದುಬಿಡಿ."

"ಹಾಡು ತಾನಾಗಿ ಹುಟ್ಟಲ್ಲ ಸಾರ್. ಯಾರೋ ಬರೆದಿರಲೇಬೇಕು."

"ಬರೆದವರೇ ಬಂದು ಕೇಳ್ತಿಲ್ಲ. ನಿಮಗ್ಯಾಕೆ ಹೊಟ್ಟೆನೋವು?"

ಕೇಳಲು ಬಂದವರೇ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಸಂಘದವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ ಮೇಲೆ ಹದಿನೇಳು ಜನ ಬಂದಿದ್ದರು. ನಂಬರಕ್ಕ ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "'ತಾ' ಆದ ಮೇಲೆ ಅಲ್ಲಿ ಯಾಕೆ ನಿಲ್ಲುತ್ತೆ?"

ಮೊದಲು ಬಂದ ಕವಿಯೊಬ್ಬರು ಕಣ್ಣು ಮುಚ್ಚಿ, "ವಿರಹ" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ಬೇಕೇನೋ ಎಂದುಕೊಂಡು, "ಅಗಲಿಕೆ" ಎಂದೂ ಸೇರಿಸಿದರು.

ಹೋಟೆಲಿನ ಸಪ್ಲೈಯರ್ ಒಬ್ಬ ತನ್ನ ಹೋಟೆಲಿನ ಹದಿನಾಲ್ಕನೇ ಮೇಜಿನ ಫೋಟೋ ಸಮೇತ ಬಂದಿದ್ದ. "ಅಲ್ಲಿ ಗಿರಾಕಿ ಇನ್ನೇನು ಬೇಕು ಅಂತ ಯೋಚನೆ ಮಾಡ್ತಾನೆ ಮೇಡಂ. ಅದಕ್ಕೇ ಗ್ಯಾಪು."

"ಆಮೇಲೆ 'ಹೋಗಾಚೆ' ಅಂತೀರಾ ಗಿರಾಕಿಗೆ?"

"ಮನಸ್ಸಲ್ಲಿ ಅಂತೀವಿ ಮೇಡಂ."

ಉತ್ತರ ನಂಬರಕ್ಕನಿಗೆ ತುಂಬಾ ಹಿಡಿಸಿತು. ಆದರೆ ಆ ಹೋಟೆಲು ಶುರುವಾಗಿ ಒಂಬತ್ತು ವರ್ಷವಷ್ಟೇ ಆಗಿತ್ತು. ಕೊನೆಗೆ ಬಂದ ಬಡಗಿ ಮಾತ್ರ ಪ್ರಾಮಾಣಿಕ. "ನಾನು ಹಾಡು ಗೀಡು ಬರೆದಿಲ್ಲ ತಾಯಿ. ಮೇಜು ಮಾಡೋನು. ಹದಿನಾಲ್ಕನೇ ಮೇಜು ನಾನು ಮಾಡಿದ್ದೇ ಇರಬಹುದು ಅಂತ ಬಂದೆ."

ಹೀಗೆ ಹದಿನೇಳು ಜನ ಬಂದು ಹೋದರು. ಉಳಿದದ್ದು ಐದು ದಿನ.

ಭಾನುವಾರ ಬೆಳಗ್ಗೆ ನಂಬರಕ್ಕ ಮನೆಯ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಜೊತೆಗೆ ಆಕೆಯ ಅತ್ತೆ ಇದ್ದರು. ಎಪ್ಪತ್ತೆಂಟರ ಅತ್ತೆಗೆ ಮೊಣಕಾಲು ಸೋತಿತ್ತು, ನಾಲಿಗೆ ಸೋತಿರಲಿಲ್ಲ. ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಿಸಲು ಹೋದರೆ ನೆಲ ಗುಡಿಸುತ್ತದೆ. ಆದ್ದರಿಂದ ಅತ್ತೆ ಎರಡು ತುದಿ, ಸೊಸೆ ಎರಡು ತುದಿ ಹಿಡಿದು ನಿಂತರು. ನಂಬರಕ್ಕನ ತಲೆಯಲ್ಲಿ ಮೂರು ವರ್ಷದಿಂದ ತಿರುಗುತ್ತಿದ್ದ ಹಾಡು ಅಂದೂ ತಿರುಗುತ್ತಿತ್ತು. ಬಾಯಿಗೆ ಬಂತು.

"ಬಾ ಹತ್ತಿರ, ಇನ್ನೂ ಹತ್ತಿರ..." ಎನ್ನುತ್ತ ಎರಡು ಹೆಜ್ಜೆ ಮುಂದಿಟ್ಟಳು. ಅತ್ತೆಯೂ ಎರಡು ಹೆಜ್ಜೆ ಬಂದರು. "ಕೈಗೆ ಕೈಯ ತಾ..." ಎನ್ನುವಾಗ ಅತ್ತೆ ತಮ್ಮ ತುದಿಗಳನ್ನು ಸೊಸೆಯ ಕೈಗೆ ದಾಟಿಸಿದರು. ದಾಟಿಸುವಷ್ಟು ಹೊತ್ತು ಇಬ್ಬರಿಗೂ ಬಾಯಿ ಬಿಡಲಾಗಲಿಲ್ಲ. ಗಮನವೆಲ್ಲ ಬೆರಳಿನಲ್ಲಿತ್ತು. ಆಮೇಲೆ ಅತ್ತೆ ಬಗ್ಗಿ ಕೆಳಗಿನ ಮಡಿಕೆ ಹಿಡಿದು, ಬಟ್ಟೆ ಬಿಗಿಯಾಗಲೆಂದು ಹಿಂದಕ್ಕೆ ಸರಿದರು.

"ಹೋಗಾಚೆ" ಎಂದಳು ನಂಬರಕ್ಕ, ತನಗೇ ಗೊತ್ತಿಲ್ಲದೆ.

"ಯಾರಿಗೇ ಅದು?" ಎಂದರು ಅತ್ತೆ.

ನಂಬರಕ್ಕ ಮಡಿಸಿದ್ದನ್ನು ಕೊಡವಿ ಬಿಚ್ಚಿದಳು. "ಅತ್ತೆ, ಇನ್ನೊಂದ್ಸಲ."

ಎರಡನೇ ಸಲವೂ ಸರಿಹೋಯಿತು. ಮೂರನೇ ಸಲವೂ. ಖಾಲಿ ಜಾಗ ಬೆರಳಿನಿಂದ ಬೆರಳಿಗೆ ತುದಿ ದಾಟುವಷ್ಟೇ ಉದ್ದ, ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾಲ್ಕನೇ ಸಲ ಬಿಚ್ಚುವಾಗ ಅತ್ತೆ ಕೆಳಗಿನ ಮನೆಗೆ ಕೇಳುವಂತೆ ಕೂಗಿದರು: "ಲೋ ಮಗನೇ, ಮೇಲೆ ಬಾರೋ! ನಿನ್ನ ಹೆಂಡತಿ ಒಗೆದ ಬಟ್ಟೆ ಮಡಿಸ್ತಾಳೆ ಬಿಚ್ತಾಳೆ, ಮಡಿಸ್ತಾಳೆ ಬಿಚ್ತಾಳೆ! ಆಫೀಸಲ್ಲೂ ಇದೇ ಕೆಲಸ ಇರಬೇಕು!"

ಅಂದು ಊಟದ ಹೊತ್ತಿಗೆ ನಂಬರಕ್ಕನಿಗೆ ಎರಡು ವಿಷಯ ಖಚಿತವಾಗಿದ್ದವು. ಆ ಹಾಡು ಹುಟ್ಟಿದ್ದು ದಿನವಿಡೀ ಬೆಡ್‌ಶೀಟು ಮಡಿಸುವ ಜಾಗದಲ್ಲಿ. ಮತ್ತೆ, ಮೂರು ವರ್ಷ ತಾನು ಒಬ್ಬನನ್ನು ಹುಡುಕಿದ್ದು ಶುದ್ಧ ದಡ್ಡತನ. ಒಬ್ಬರಿಂದ ಆಗುವ ಕೆಲಸವೇ ಅಲ್ಲ ಅದು.

ಸೋಮವಾರ ಆಕೆ ರಜೆ ಹಾಕಿ, ಆಸ್ಪತ್ರೆ ಹೋಟೆಲುಗಳ ಬಟ್ಟೆ ಒಗೆಯುವ ಹಳೆಯ ಲಾಂಡ್ರಿಗೆ ಹೋದಳು. ಊರಿನಲ್ಲಿ ಅಷ್ಟು ಹಳೆಯದು ಅದೊಂದೇ. ಒಳಗೆ ಬಿಸಿ ಸೋಪಿನ ವಾಸನೆ, ಬಸ್ಸಿನಷ್ಟು ದೊಡ್ಡ ಯಂತ್ರಗಳು. ಬೆಡ್‌ಶೀಟು ಒಂದು ಕಡೆಯಿಂದ ಒದ್ದೆಯಾಗಿ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಮಡಿಸಿಕೊಂಡೇ ಹೊರಗೆ ಬರುತ್ತಿತ್ತು. ಕೈಯಲ್ಲಿ ಮಡಿಸುವವರು ಯಾರೂ ಕಾಣಲಿಲ್ಲ. ಆಕೆ ವಾಪಸು ಹೊರಟಳು. ಅಷ್ಟರಲ್ಲಿ ಗೋಡೆ ಕಣ್ಣಿಗೆ ಬಿತ್ತು. ಸುಣ್ಣದ ಗೋಡೆಯ ಮೇಲೆ ಒಂದರಿಂದ ಇಪ್ಪತ್ತರವರೆಗೆ ಮಾಸಿದ ಬಣ್ಣದ ಅಂಕಿಗಳು. ಒಂದೊಂದು ಅಂಕಿಯ ಕೆಳಗೆ ಎರಡೆರಡು ಮೊಳೆ.

"ಅದಾ? ಹಾಜರಿ ಬಿಲ್ಲೆ ಸಿಕ್ಕಿಸೋಕೆ" ಎಂದರು ಮೂಲೆಯಲ್ಲಿ ಕೂತು ಒಂದೇ ಒಂದು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಮುದುಕರು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಮನೆಯಲ್ಲಿ ಕೂರಲಾರದೆ ದಿನಾ ಬಂದು ಯಾರದ್ದಾದರೂ ಅಂಗಿ ತೀಡುತ್ತಿದ್ದ ಅವರನ್ನು ಎಲ್ಲರೂ ಇಸ್ತ್ರಿ ಅಜ್ಜ ಎನ್ನುತ್ತಿದ್ದರು. "ಇಲ್ಲಿ ಇಪ್ಪತ್ತು ಮೇಜಿತ್ತು. ಮೇಜಿಗೆ ಇಬ್ಬರು. ಮಡಿಸಿದ ಗಂಟಿಗೆ ಮೇಜಿನ ಚೀಟಿ ಚುಚ್ಚಿ ಕಳಿಸೋದು. ಕಲೆ ಉಳಿದಿದ್ರೆ ಯಾವ ಮೇಜಿಗೆ ಬೈಬೇಕು ಅಂತ ಗೊತ್ತಾಗಬೇಕಲ್ಲ."

"ಮಡಿಸಿದವರ ಹೆಸರು ಬರೀತಿರಲಿಲ್ವಾ ಅಜ್ಜ?"

"ಹೆಸರು ಯಾತಕ್ಕೆ? ಬೈಯೋದಕ್ಕೆ ನಂಬರು ಸಾಕು."

ನಂಬರಕ್ಕ ಮೂರು ವರ್ಷದಿಂದ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದ ಅರ್ಜಿಯನ್ನು ಗುಲಾಬಿ ಚೀಟಿ ಸಮೇತ ತೆಗೆದು ಇಸ್ತ್ರಿ ಮೇಜಿನ ಮೇಲಿಟ್ಟಳು. ಅಜ್ಜ ಕನ್ನಡಕ ಏರಿಸಿ ನೋಡಿದರು. ಎದ್ದು, ಕಪಾಟಿನ ಕೆಳಗಿನ ಡಬ್ಬಿಯೊಂದನ್ನು ಎಳೆದು ಮುಚ್ಚಳ ತೆಗೆದರು. ಡಬ್ಬಿಯ ತುಂಬ ಅದೇ ಗುಲಾಬಿ, ಅದೇ ಅಚ್ಚು.

"ಇದು ಆ ಹಾಡುಗಾರ ಇಸ್ಕೊಂಡು ಹೋದದ್ದು" ಎಂದರು. "ಹೋಟೆಲಲ್ಲಿ ಹಾಡ್ತಿದ್ದ. ಅವನ ರೇಷ್ಮೆ ಅಂಗಿ ಕಳೆದುಹೋಗಿತ್ತು, ಹುಡುಕ್ಕೊಂಡು ಬಂದ. ಅಂಗಿ ಸಿಕ್ಕಲಿಲ್ಲ. ಆದ್ರೆ ಇವರಿಬ್ಬರು ಮಡಿಸ್ತಾ ಹಾಡೋದನ್ನ ಕೇಳಿ ಎರಡು ಗಂಟೆ ಇಲ್ಲೇ ನಿಂತ. 'ಇದು ಯಾರು ಬರೆದದ್ದು' ಅಂತ ನಮ್ಮ ಮೇಸ್ತ್ರಿಯನ್ನ ಕೇಳ್ದ. ಮೇಸ್ತ್ರಿಗೆ ಯಾರು ಏನು ಕೇಳಿದ್ರೂ ಒಂದೇ ಉತ್ತರ, ಗಂಟಿಗೆ ಚುಚ್ಚಿದ ಚೀಟಿ ಕಿತ್ತು ಕೊಡೋದು. ಕೊಟ್ಟ."

ನಂಬರಕ್ಕನಿಗೆ ಆ ಮೇಸ್ತ್ರಿಯ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತನ್ನದೇ ಕಸುಬಿನವನು ಅನ್ನಿಸಿತು.

"ಹದಿನಾಲ್ಕನೇ ಮೇಜಿನವರು ಈಗ...?"

"ಉದ್ದಕ್ಕ, ಗಿಡ್ಡಕ್ಕ. ಗಟ್ಟಿಮುಟ್ಟಾಗಿದ್ದಾರೆ. ಈಗ ಅವರಿಬ್ಬರೂ ಬೀಗಿತ್ತಿಯರು, ಗೊತ್ತಾ? ಉದ್ದಕ್ಕನ ಮಗನಿಗೆ ಗಿಡ್ಡಕ್ಕನ ಮಗಳು. ಬಟ್ಟೆ ಗಂಟಿನ ಮೇಲೆ ಆಡ್ಕೊಂಡು ಬೆಳೆದ ಮಕ್ಕಳು."

ಒಂದೇ ಕಟ್ಟಡದ ಮೊದಲ ಮಹಡಿಯಲ್ಲಿ ಗಿಡ್ಡಕ್ಕನ ಮನೆ, ಮೂರನೆಯದರಲ್ಲಿ ಉದ್ದಕ್ಕನದು, ನಡುವೆ ಮಗ-ಸೊಸೆಯದು. ಆ ಗಂಡ-ಹೆಂಡಿರ ಜಗಳಕ್ಕೆ ಇಬ್ಬರು ತಾಯಂದಿರಿಗೂ ಸಮಾನ ದೂರ. ಮಂಗಳವಾರ ನಂಬರಕ್ಕ ಹೋದಾಗ ಬೀಗಿತ್ತಿಯರಿಬ್ಬರೂ ಮೊದಲ ಮಹಡಿಯ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಪರಸ್ಪರರ ಚಹಾದ ತಪ್ಪುಗಳನ್ನು ಬಹುವಚನದಲ್ಲಿ ಎತ್ತಿ ತೋರಿಸುತ್ತಿದ್ದರು. ಉದ್ದಕ್ಕನ ತಲೆ ಬಾಗಿಲಿನ ಚೌಕಟ್ಟಿಗೆ ತಾಗುವಂತಿತ್ತು. ಗಿಡ್ಡಕ್ಕ ಆಕೆಯ ಭುಜಕ್ಕೂ ಬರುತ್ತಿರಲಿಲ್ಲ.

ನಂಬರಕ್ಕ ಕೂತವಳೇ ತನ್ನ ಪ್ರಶ್ನೆ ಕೇಳಿದಳು. "ಆ ಹಾಡಲ್ಲಿ 'ತಾ' ಆದ ಮೇಲೆ ಯಾಕೆ ನಿಲ್ಲುತ್ತೆ?"

ಗಿಡ್ಡಕ್ಕ ಯೋಚಿಸಲೇ ಇಲ್ಲ. "ಅಷ್ಟೊತ್ತಿಗೆ ಬೆಡ್‌ಶೀಟಿನ ತುದಿ ನನ್ನ ಗದ್ದದ ಕೆಳಗೆ ಇರುತ್ತಲ್ಲಾ! ಇವರೋ ತೆಂಗಿನಮರ. ಇವರು ಅಷ್ಟೆತ್ತರದಿಂದ ಕೊಟ್ಟದ್ದನ್ನ ಹಿಡಿಯೋಕೆ ನನಗೆ ಎರಡು ಕೈ ಸಾಲಲ್ಲ, ಗದ್ದದಲ್ಲಿ ಒತ್ತಿ ಹಿಡೀತಿದ್ದೆ. ಬಾಯಿ ಬಿಟ್ರೆ ತುದಿ ನೆಲಕ್ಕೆ."

"ಸರಿ, ನೀವು ಯಾಕೆ ನಿಲ್ಲಿಸ್ತಿದ್ರಿ?" ನಂಬರಕ್ಕ ಉದ್ದಕ್ಕನತ್ತ ತಿರುಗಿದಳು.

"ನಾನಾ? ಇವರ ಮುಖ ನೋಡಿ ನಗು ತಡ್ಕೊಳ್ತಿದ್ದೆ. ನಕ್ಕರೆ ಮೇಸ್ತ್ರಿ ಬೈತಿದ್ದ."

ಹತ್ತೊಂಬತ್ತು ದೇಶಗಳ ಜನ ಉಸಿರು ಹಿಡಿದು ಕೇಳಿದ ಆ ವಿರಹ, ಆ ಅಗಲಿಕೆ, ಒಂದು ಗದ್ದ ಮತ್ತು ಒಂದು ತಡೆಹಿಡಿದ ನಗು ಎಂದು ತಿಳಿದು ನಂಬರಕ್ಕ ಚಹಾದ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೋಗಾಚೆ" ಏನೆಂದು ಕೇಳುವ ಅಗತ್ಯವೇ ಬೀಳಲಿಲ್ಲ. ಇಬ್ಬರೂ ಒಟ್ಟಿಗೆ ವಿವರಿಸಿದರು: ಹಿಂದಕ್ಕೆ ಸರಿಯದಿದ್ದರೆ ಬಟ್ಟೆ ಸುಕ್ಕಾಗುತ್ತದೆ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀವು? ರೇಡಿಯೋದಲ್ಲಿ ಬಂದಾಗ ಕೇಳಿರಲಿಲ್ವಾ?"

"ಕೇಳಿದ್ವಿ. ಅವನ ದನಿ ಚೆನ್ನಾಗಿತ್ತು" ಎಂದರು ಉದ್ದಕ್ಕ. "ರೇಡಿಯೋದಲ್ಲಿ ಬಂದ ಮೇಲೆ ಅದು ರೇಡಿಯೋದವರದ್ದು ಅಂದ್ಕೊಂಡ್ವಿ."

ನಂಬರಕ್ಕ ಇಬ್ಬರ ಮುಂದೆಯೂ ಒಂದೊಂದು ಫಾರಂ ಇಟ್ಟಳು. ತಮ್ಮ ತಮ್ಮ ಪಾಲನ್ನು ಮಾತ್ರ, ನೂರಕ್ಕೆ ಎಷ್ಟು ಎಂದು, ಬೇರೆ ಬೇರೆಯಾಗಿ ಬರೆದು, ಮುಚ್ಚಿದ ಲಕೋಟೆಯಲ್ಲಿ ಕಳಿಸಬೇಕು. ಜೊತೆಗಾರರು ಒಬ್ಬರನ್ನೊಬ್ಬರು ಗದರಿಸಿ ಬರೆಸಿಕೊಳ್ಳಬಾರದೆಂದು ಸಂಘ ಮಾಡಿಕೊಂಡಿದ್ದ ನಿಯಮ ಅದು. ಗುರುವಾರದೊಳಗೆ ಕಳಿಸುತ್ತೇವೆ ಎಂದು ಇಬ್ಬರೂ ಮಾತು ಕೊಟ್ಟರು. ನಂಬರಕ್ಕ ಗಾಳಿಯಲ್ಲಿ ತೇಲಿಕೊಂಡು ಮನೆಗೆ ಬಂದಳು. ಬಂದವಳು ಅತ್ತೆಗೆ ಹೊಸ ಬೆಡ್‌ಶೀಟು ತಂದುಕೊಟ್ಟಳು. ಅತ್ತೆ ಅದನ್ನು ಸಂಶಯದಿಂದ ನೋಡಿ ಬೀರುವಿನಲ್ಲಿ ಬೀಗ ಹಾಕಿಟ್ಟರು.

ಲಕೋಟೆಗಳು ಬಂದದ್ದು ಶುಕ್ರವಾರ ಬೆಳಗ್ಗೆ. ನಂಬರಕ್ಕ ಮೊದಲನೆಯದನ್ನು ಬಿಡಿಸಿದಳು. ಉದ್ದಕ್ಕ, ಪಾಲು: ಸೊನ್ನೆ. ಎರಡನೆಯದನ್ನು ಬಿಡಿಸಿದಳು. ಗಿಡ್ಡಕ್ಕ, ಪಾಲು: ಸೊನ್ನೆ.

ಈ ಸಂಘದಲ್ಲಿ ಪಾಲುಗಳನ್ನು ಕೂಡಿಸಿದರೆ ನೂರೈವತ್ತು, ಇನ್ನೂರು ಆದದ್ದುಂಟು. ಒಮ್ಮೆ ಐದು ಜನರ ತಂಡವೊಂದರದ್ದು ನಾನೂರ ಮೂವತ್ತಾಗಿತ್ತು. ಅದಕ್ಕೆಲ್ಲ ನಿಯಮವಿತ್ತು, ಸಮಿತಿಯಿತ್ತು, ಸಮಿತಿಗೆ ಬಿಸ್ಕತ್ತಿತ್ತು. ಕೂಡಿಸಿದರೆ ಸೊನ್ನೆ ಬಂದದ್ದು ಇದೇ ಮೊದಲು.

"ಸೊನ್ನೆ ಅಂದ್ರೆ ಯಾರೂ ಬರೆದಿಲ್ಲ ಅಂತ" ಎಂದರು ಕಾರ್ಯದರ್ಶಿ ಶುಕ್ರವಾರ, ಎರಡೂ ಫಾರಂ ನೋಡಿ. ಅವರ ದನಿಯಲ್ಲೂ ಖುಷಿ ಇರಲಿಲ್ಲ. "ಅವರೇ ಸಹಿ ಹಾಕಿ ಕೊಟ್ಟಿದ್ದಾರೆ. ನಾನೇನು ಮಾಡಲಿ? ಐದಕ್ಕೆ ಪಟ್ಟಿ ಮುಚ್ಚುತ್ತೆ."

"ಐದಕ್ಕೆ ಇನ್ನೂ ಆರು ಗಂಟೆ ಇದೆ ಸಾರ್" ಎಂದು ನಂಬರಕ್ಕ ಆಟೋ ಹಿಡಿದಳು.

ಬೀಗಿತ್ತಿಯರು ಸುಲಭಕ್ಕೆ ಜಗ್ಗಲಿಲ್ಲ. ಒಬ್ಬರು ಸೀರೆ ಬದಲಾಯಿಸಬೇಕು, ಇನ್ನೊಬ್ಬರು ಮೊಮ್ಮಗಳನ್ನು ಶಾಲೆಯಿಂದ ಕರೆತರಬೇಕು. ಅಂತೂ ಇಬ್ಬರೂ ಎರಡನೇ ಮಹಡಿಯ ಕೋಣೆಯಲ್ಲಿ ಅಕ್ಕಪಕ್ಕ ಕೂತಾಗ ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ಸುದ್ದಿ ಹರಡಿ ಬಾಗಿಲಲ್ಲಿ ಅರ್ಧ ಕಚೇರಿಯೇ ನೆರೆದಿತ್ತು.

"ಸೊನ್ನೆ ಯಾಕೆ ಬರೆದ್ರಿ?" ನಂಬರಕ್ಕ ಕೇಳಿದಳು.

"ಪದ ಎಲ್ಲ ಇವರದ್ದೇ" ಎಂದರು ಉದ್ದಕ್ಕ. "ನಾನು ಎದುರಿಗೆ ನಿಂತಿದ್ದೆ ಅಷ್ಟೇ."

"ನಾನು ಬಾಯಿಗೆ ಬಂದದ್ದು ಅಂದಿರಬಹುದು. ರಾಗ ಇವರದ್ದು. ರಾಗ ಇಲ್ಲದಿದ್ರೆ ಅದು ಹಾಡಾ? ಬೈಗುಳ."

"ಬೀಗಿತ್ತಿ, ನೀವು ಸುಮ್ಮನೆ ಒಪ್ಕೊಳ್ಳಿ."

"ನೀವು ದೊಡ್ಡವರು, ನೀವೇ ಒಪ್ಕೊಳ್ಳಿ."

"ಎತ್ತರದಲ್ಲಿ ದೊಡ್ಡವಳು. ವಯಸ್ಸಲ್ಲಿ ನೀವೇ ಎರಡು ತಿಂಗಳು ಮುಂದೆ."

ಹೀಗೆ ಹತ್ತು ನಿಮಿಷ ಹೋಯಿತು. ಕೊನೆಗೆ ಗಿಡ್ಡಕ್ಕ ನಂಬರಕ್ಕನ ಕಡೆ ಬಾಗಿ, ಪಕ್ಕದಲ್ಲಿದ್ದವರಿಗೆ ಚೆನ್ನಾಗಿ ಕೇಳಿಸುವ ಗುಟ್ಟಿನ ದನಿಯಲ್ಲಿ ಹೇಳಿದರು: "ನೋಡಮ್ಮ, ನನ್ನ ಮಗಳು ಇವರ ಮನೆ ಸೊಸೆ. ನಾನು ಐವತ್ತು ಅಂತ ಬರೆದು, ಇವರು ಐವತ್ತೈದು ಅಂತ ಬರೆದರು ಅಂತಿಟ್ಕೋ. ಆ ಐದರ ಮಾತು ಆ ಮನೇಲಿ ಐವತ್ತು ವರ್ಷ ಓಡುತ್ತೆ. ನಿಮ್ಮಮ್ಮ ನಮ್ಮಮ್ಮನ ಹಾಡು ಹೊಡ್ಕೊಂಡ್ಳು ಅಂತ. ಸೊನ್ನೆ ಬರೆದ್ರೆ ಯಾರ ಬಾಯಿಗೂ ಬರಲ್ಲ."

"ನಾನೂ ಅದಕ್ಕೇ ಬರೆದದ್ದು" ಎಂದರು ಉದ್ದಕ್ಕ, ಕಿಟಕಿಯ ಕಡೆ ನೋಡುತ್ತ.

ನಂಬರಕ್ಕನೂ ಕಿಟಕಿಯ ಕಡೆ ನೋಡಿದಳು. ಅಲ್ಲಿ ಸಂಘದ ಉದ್ಘಾಟನೆಯ ಕಾಲದ, ನೆಲ ಮುಟ್ಟುವ, ಬೂದು ಬಣ್ಣದ ಪರದೆ ನೇತಾಡುತ್ತಿತ್ತು. ಆಕೆ ಎದ್ದು, ಕುರ್ಚಿ ಹತ್ತಿ, ಪರದೆಯನ್ನು ಕೊಂಡಿಗಳಿಂದ ಬಿಡಿಸಿ ಕೆಳಗಿಳಿಸಿದಳು. ಅಷ್ಟೂ ವರ್ಷದ ಧೂಳು ಕೋಣೆಯೆಲ್ಲ ಹಾರಿ ಶುಕ್ರವಾರ ಸೀನಿದರು.

"ಇದನ್ನ ಸ್ವಲ್ಪ ಮಡಿಸಿಕೊಡ್ತೀರಾ?"

"ಅಯ್ಯೋ, ಇಷ್ಟು ಕೊಳೆ ಬಟ್ಟೆಯನ್ನ ಮಡಿಸ್ತಾರಾ ಯಾರಾದ್ರೂ!" ಎನ್ನುತ್ತಲೇ ಗಿಡ್ಡಕ್ಕ ಎದ್ದು ಎರಡು ತುದಿ ಹಿಡಿದುಬಿಟ್ಟಿದ್ದರು. ಉದ್ದಕ್ಕ ಆಗಲೇ ಎದುರು ನಿಂತಿದ್ದರು. ಕೈಗಳಿಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

"ಬಾ ಹತ್ತಿರ" ಗಿಡ್ಡಕ್ಕ. "ಇನ್ನೂ ಹತ್ತಿರ" ಉದ್ದಕ್ಕ. "ಕೈಗೆ ಕೈಯ ತಾ" ಇಬ್ಬರೂ. ಆಮೇಲೆ ಎಲ್ಲ ನಿಂತಿತು. ಪರದೆಯ ತುದಿ ಮೇಲಿನಿಂದ ಇಳಿದು ಬಂತು. ಗಿಡ್ಡಕ್ಕ ಗದ್ದ ಎತ್ತಿ ಕುತ್ತಿಗೆ ಉಬ್ಬಿಸಿ ಅದನ್ನು ಒತ್ತಿ ಹಿಡಿದರು. ಉದ್ದಕ್ಕನ ತುಟಿ ಬಿಗಿಯಿತು, ಮೂಗಿನ ಹೊಳ್ಳೆ ಅರಳಿತು, ಭುಜ ಕುಲುಕಿತು. ಬಾಗಿಲಲ್ಲಿದ್ದವರೆಲ್ಲ ಉಸಿರು ಹಿಡಿದಿದ್ದರು.

"ಹೋಗಾಚೆ!"

ಹೀಗೆ ಎಂಟು ಮಡಿಕೆ. ಕೊನೆಯಲ್ಲಿ ಪರದೆ ನಂಬರಕ್ಕನ ಮೇಜಿನ ಮೇಲೆ ಪುಸ್ತಕದಂತೆ ಚೌಕಾಕಾರವಾಗಿ ಕೂತಿತು.

ಮೊದಲು ಬಾಯಿ ತೆರೆದದ್ದು ಶುಕ್ರವಾರ. ಮೂವತ್ತು ವರ್ಷ ಪಾಲು ಹಂಚಿದ ಮನುಷ್ಯ, ತನಗೆ ಬಂದ ಸಂಶಯವನ್ನು ನಿಯಮದ ಪ್ರಕಾರವೇ ಕೇಳಿದರು. "ಪದ ಯಾರದ್ದು, ರಾಗ ಯಾರದ್ದು, ಅದನ್ನ ಬಿಡಿ. ಆ ಖಾಲಿ ಜಾಗ ಇದೆಯಲ್ಲ, ಜನ ದುಡ್ಡು ಕೊಟ್ಟು ಕೇಳೋದೇ ಅದನ್ನ. ಅದು ಯಾರದ್ದು?"

"ಇವರ ಗದ್ದದ್ದು" ಎಂದರು ಉದ್ದಕ್ಕ ತಕ್ಷಣ.

"ಇವರ ನಗುವಿಂದು" ಎಂದರು ಗಿಡ್ಡಕ್ಕ ಅಷ್ಟೇ ಬೇಗ.

"ನಿಮ್ಮ ಗದ್ದ ಇಲ್ಲದಿದ್ರೆ ನನಗೆ ನಗು ಎಲ್ಲಿಂದ ಬರಬೇಕು?"

"ನೀವು ನಗ್ತೀರಿ ಅಂತ ಗೊತ್ತಿದ್ದೇ ಅಲ್ವಾ ನಾನು ಅಷ್ಟು ಹೊತ್ತು ಹಿಡೀತಿದ್ದದ್ದು! ಅಷ್ಟು ಹೊತ್ತು ಬೇಕಾ ಒಂದು ತುದಿ ಹಿಡಿಯೋಕೆ?"

ಉದ್ದಕ್ಕ ಬೀಗಿತ್ತಿಯನ್ನು ಕಣ್ಣು ಪಿಳುಕಿಸದೆ ನೋಡಿದರು. ಇಪ್ಪತ್ತೆರಡು ವರ್ಷ ಎದುರುಬದುರು ನಿಂತು ಮಡಿಸಿದ್ದರೂ ಈ ವಿಷಯ ಅವರಿಗೆ ಗೊತ್ತಿರಲಿಲ್ಲ. "ಬೇಕಂತಲೇ ಮಾಡ್ತಿದ್ರಾ?"

"ಮತ್ತೆ? ದಿನಾ ಐನೂರು ಬೆಡ್‌ಶೀಟು. ನಗು ಇಲ್ಲದೆ ಯಾರು ಮಡಿಸ್ತಾರೆ?"

ಆಗ ಉದ್ದಕ್ಕ ನಕ್ಕರು. ಮೇಸ್ತ್ರಿಗೆ ಹೆದರಿ ಒಳಗೇ ಇಟ್ಟುಕೊಂಡಿದ್ದ ನಗುವೆಲ್ಲ ಬಡ್ಡಿ ಸಮೇತ ಹೊರಗೆ ಬಂತು. ಕಣ್ಣು ಒರೆಸಿಕೊಳ್ಳುತ್ತ ನಂಬರಕ್ಕನತ್ತ ಕೈ ಚಾಚಿದರು. "ಕೊಡಮ್ಮ ಆ ಫಾರಂ. ಅದು ಒಬ್ಬರದ್ದಾಗೋಕೆ ಸಾಧ್ಯವೇ ಇಲ್ಲ. ಅರ್ಧ ಅರ್ಧ ಅಂತ ಬರಿ. ಮನೇಲಿ ಯಾರಾದ್ರೂ ಸೊಲ್ಲೆತ್ತಿದ್ರೆ ಇವರ ಗದ್ದ ತೋರಿಸ್ತೀನಿ."

ನಾಲ್ಕೂ ನಲವತ್ತಕ್ಕೆ ಹೊಸ ಫಾರಂಗಳಿಗೆ ಸಹಿ ಬಿತ್ತು. ಇನ್ನು ಗುಲಾಬಿ ಚೀಟಿಯದ್ದೊಂದು ತೊಡಕು. ಒಂದು ನಂಬರಿಗೆ ಒಬ್ಬರೇ ಎಂಬುದು ಸಂಘದ ಕಟ್ಟುನಿಟ್ಟು. "ಮೇಜು ಹದಿನಾಲ್ಕು" ಎಂಬುದನ್ನು ಯಾರ ನಂಬರಿಗೆ ಕಟ್ಟುವುದು? ನಂಬರಕ್ಕ ನಿಯಮಾವಳಿಯ ಹಿಂದಿನ ಪುಟಗಳನ್ನು ತಿರುವಿದಳು. ಅಂಟಿಕೊಂಡಿದ್ದ ಎರಡು ಹಾಳೆ ಬಿಡಿಸಿದರೆ ನಡುವೆ ಅರ್ಧ ಪುಟದ ನಿಯಮವೊಂದು ತಣ್ಣಗೆ ಮಲಗಿತ್ತು: ಗುಂಪಾಗಿ ಬರೆಯುವವರು ಇಟ್ಟುಕೊಂಡ ಒಂದೇ ಹೆಸರನ್ನು ಅವರೆಲ್ಲರ ನಂಬರುಗಳಿಗೂ ಜೋಡಿಸಬಹುದು. ಲಾಂಡ್ರಿಯ ಗೋಡೆಯ ಹಾಗೆಯೇ, ಒಂದು ಅಂಕಿ, ಕೆಳಗೆ ಎರಡು ಮೊಳೆ.

"ಮೊದಲು ಯಾರ ನಂಬರು ತೆಗೀಲಿ?" ಎಂದು ಆಕೆ ಕೇಳಿದ್ದೇ ತಪ್ಪಾಯಿತು.

"ನೀವು ಮೊದಲು ಬೀಗಿತ್ತಿ."

"ಛೇ ಛೇ, ನೀವು."

ನಾಲ್ಕೂ ಐವತ್ತೆರಡರವರೆಗೆ ಅದು ನಡೆದ ಮೇಲೆ ಶುಕ್ರವಾರ ಜೇಬಿನಿಂದ ನಾಣ್ಯ ತೆಗೆದು ಚಿಮ್ಮಿಸಿದರು. ಸಂಘದ ಚರಿತ್ರೆಯಲ್ಲಿ ಅದೂ ಮೊದಲು. ಐದಕ್ಕೆ ಮೂರು ನಿಮಿಷವಿರುವಾಗ ಪ್ರಿಂಟರ್ ಎರಡು ಹಾಳೆ ಉಗುಳಿತು. ಹನ್ನೊಂದು ಅಂಕಿಗಳ ಎರಡು ನಂಬರು, ಒಂದರ ಹಿಂದೆ ಒಂದು. ಕಂಪ್ಯೂಟರಿನಲ್ಲಿ "ಬರೆದವರು" ಎಂಬ ಜಾಗ ತುಂಬಿತು. ಶ್ರೀ ಹದಿನಾಲ್ಕು ಅವರು ಶಾಶ್ವತವಾಗಿ ಕಣ್ಮರೆಯಾದರು.

ಗಿಡ್ಡಕ್ಕ ತಮ್ಮ ಹಾಳೆಯನ್ನು ದೂರ ಹಿಡಿದು ಓದಿದರು. "ಲಾಂಡ್ರಿಯಲ್ಲಿ ಎರಡೇ ಅಂಕಿ ಸಾಕಾಗಿತ್ತು."

"ಇಲ್ಲಿ ಬೈಯೋಕಲ್ಲ ಅಮ್ಮ, ಅದಕ್ಕೇ ಉದ್ದ" ಎಂದಳು ನಂಬರಕ್ಕ.

ಬೀಗಿತ್ತಿಯರು ಹಾಳೆಗಳನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಹೊರಟರು. ಮೆಟ್ಟಿಲ ಮೇಲೆ ಇನ್ನೊಂದು ಮಾತಿನ ಹೊಡೆದಾಟ ಶುರುವಾದದ್ದು ಕೇಳಿಸಿತು. ಆಟೋದ ಬಾಡಿಗೆ ಯಾರು ಕೊಡಬೇಕು ಎಂದಿರಬೇಕು. ಜನ ಚದುರಿದರು. ಕೋಣೆಯಲ್ಲಿ ನಂಬರಕ್ಕ, ಶುಕ್ರವಾರ ಮತ್ತು ಪರದೆ ಉಳಿದರು.

"ಇದನ್ನ ಒಗೆಯೋಕೆ ಕಳಿಸ್ಬೇಕು" ಎಂದು ಶುಕ್ರವಾರ ಮಡಿಕೆಯನ್ನು ಒಂದು ಕೈಯಲ್ಲಿ ಎತ್ತಿದರು. ಎತ್ತಿದ್ದೇ ತಡ, ಅಷ್ಟೂ ಮಡಿಕೆ ಬಿಚ್ಚಿಕೊಂಡು ಪರದೆ ಅವರ ಕಾಲಿನ ಮೇಲೆ ಬಿತ್ತು. ಅವರು ಅತ್ತಿತ್ತ ನೋಡಿದರು. ಆಮೇಲೆ ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಎರಡು ತುದಿ ಹಿಡಿದು ನಿಂತರು.

"ಹಿಡೀರಿ ನಂಬರಕ್ಕ."

ನಂಬರಕ್ಕ ಉಳಿದೆರಡು ತುದಿ ಹಿಡಿದಳು. ಇಬ್ಬರೂ ಎರಡು ಹೆಜ್ಜೆ ಹತ್ತಿರ ಬಂದರು. ಕಾರ್ಯದರ್ಶಿಗಳು ತಮ್ಮ ತುದಿಗಳನ್ನು, ಕಡತಕ್ಕೆ ಸಹಿ ಹಾಕುವ ಗಾಂಭೀರ್ಯದಲ್ಲಿ, ಆಕೆಯ ಬೆರಳುಗಳಿಗೆ ದಾಟಿಸಿದರು. ನಂಬರಕ್ಕ ಅವರ ಮುಖ ನೋಡಿದಳು, ತುಟಿ ಬಿಗಿ ಹಿಡಿದಳು, ಆಕೆಯ ಭುಜ ಕುಲುಕಿತು. ಇಪ್ಪತ್ತಾರು ವರ್ಷದಲ್ಲಿ ಮನಸ್ಸಿನೊಳಗೆ ಎಷ್ಟೋ ಸಲ ಹೇಳಿಕೊಂಡಿದ್ದ ಮಾತನ್ನು ಇಂದು ರಾಗವಾಗಿ, ಬಾಯಿ ತುಂಬ, ಯಾವ ಶಿಸ್ತುಕ್ರಮಕ್ಕೂ ಒಳಗಾಗದೆ ಹೇಳಬಹುದಿತ್ತು.

"ಹೋಗಾಚೆ!"

ಶುಕ್ರವಾರ ವಿಧೇಯರಾಗಿ ಹಿಂದಕ್ಕೆ ಸರಿದರು. ಪರದೆ ಒಂದೂ ಸುಕ್ಕಿಲ್ಲದೆ ಬಿಗಿಯಾಯಿತು.